ಮೀನಿನ ಹೇನು ಸಾಕುವ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನ ಕೆಲಸ ಮೀನಿನ ಹೇನು ಸಾಕುವುದು. ಸಮುದ್ರದ ದಡದ ಸಂಶೋಧನಾಲಯದವರು ಸಂಬಳ ಕೊಟ್ಟು ಇದನ್ನು ಮಾಡಿಸುತ್ತಾರೆ ಎಂದರೆ ಅವಳ ಅತ್ತೆ ಇಂದಿಗೂ ನಂಬುವುದಿಲ್ಲ.

"ಜನ ಹೇನು ತೆಗೆಸೋಕೆ ಒದ್ದಾಡ್ತಾರೆ, ನೀನು ಬೆಳೆಸ್ತೀಯಾ? ನಿನ್ನ ಬಾಚಣಿಗೆ ಬೇರೆ ಇಡು ತಾಯಿ."

ಈ ಹೇನುಗಳು ಎಳ್ಳಿಗಿಂತ ಸಣ್ಣವು; ಹವಳದ ದಿಬ್ಬಗಳಲ್ಲಿ ಮೀನಿನ ಮೈಗೆ ಅಂಟಿ ರಕ್ತ ಹೀರುತ್ತವೆ. ಅವನ್ನು ಹೆಕ್ಕಿ ತಿಂದೇ ಬದುಕುವ ಬೆರಳುದ್ದದ ಮೀನೊಂದಿದೆ, ಮೈಯುದ್ದಕ್ಕೂ ನೀಲಿ ಪಟ್ಟೆ. ಹೇನು ತೆಗೆಸಿಕೊಳ್ಳಲು ದೊಡ್ಡ ಮೀನುಗಳು ಅದರ ಮುಂದೆ ಬಾಯಿ ಕಳೆದು ನಿಲ್ಲುತ್ತವೆ. ಸಮುದ್ರ ಬಿಸಿಯಾದರೆ ಈ ಸ್ನೇಹ ಏನಾಗುತ್ತದೆಂದು ನೋಡಲು ಸಂಶೋಧಕಿ ಮೇಡಂ ಎರಡು ತೊಟ್ಟಿ ಇಟ್ಟಿದ್ದರು. ಒಂದರ ನೀರು ಈಗಿನ ಸಮುದ್ರದಂತೆ, ಇನ್ನೊಂದರದು ಮುಂದೆ ಬರಬಹುದಾದ ಸಮುದ್ರದಂತೆ ಬೆಚ್ಚಗೆ. ಎರಡರಲ್ಲೂ ಒಂದೊಂದು ಪಟ್ಟೆಮೀನು, ಜೊತೆಗೊಂದು ದಪ್ಪಮೀನು. ಎರಡಕ್ಕೂ ಚಿಕ್ಕಮ್ಮ ಹೇನು ಬಿಟ್ಟಳು.

ಬೆಚ್ಚಗಿನ ತೊಟ್ಟಿಯಲ್ಲಿ ಹೇನುಗಳು ಸಾಯತೊಡಗಿದವು. ಪಟ್ಟೆಮೀನಿಗೆ ಹೊಟ್ಟೆಗಿಲ್ಲ. ಅದು ಜೊತೆಗಿದ್ದ ದಪ್ಪಮೀನಿನ ಮೈಯನ್ನೇ ಕಚ್ಚಿತು. ದಪ್ಪಮೀನು ಅದನ್ನು ಮೂಲೆಗೆ ಅಟ್ಟಿತು. ಅದು ಅಲ್ಲೇ ದಿನದಿನಕ್ಕೆ ಬಡಕಲಾಯಿತು.

"ಸ್ವಲ್ಪ ಬಿಸಿ ಕಮ್ಮಿ ಮಾಡೋಣ್ವಾ ಮೇಡಂ?"

"ಬಿಸೀನೇ ಅಲ್ವೇನಮ್ಮ ಪ್ರಯೋಗ?"

ಮೇಡಂ ಊಟಕ್ಕೆ ಹೋದಾಗಲೆಲ್ಲ ಚಿಕ್ಕಮ್ಮ ತನ್ನ ಹೇನಿನ ತೊಟ್ಟಿಯಿಂದ ಒಂದು ಲೋಟ ತುಂಬಿ ತಂದು ಬೆಚ್ಚಗಿನ ತೊಟ್ಟಿಗೆ ಸುರಿದಳು. ಪಟ್ಟೆಮೀನು ಮೈ ತುಂಬಿಕೊಂಡಿತು. ದಪ್ಪಮೀನು ಮುನಿಸು ಬಿಟ್ಟು ಮತ್ತೆ ಬಾಯಿ ಕಳೆಯಿತು.

ಒಂದು ಬೆಳಿಗ್ಗೆ ಮೇಡಂ ಓಡೋಡಿ ಬಂದರು. "ಬಿಸಿನೀರಲ್ಲಿ ಹೇನು ಹೆಚ್ಚಾಗಿದೆ ಕಣಮ್ಮ! ಹೀಗಾಗುತ್ತೆ ಅಂತ ನಾನು ಅಂದುಕೊಂಡೇ ಇರಲಿಲ್ಲ. ಪ್ರಪಂಚಕ್ಕೇ ಹೇಳ್ಬೇಕು ಇದನ್ನ!"

ಗಾಜು ಒರೆಸುತ್ತಿದ್ದ ಚಿಕ್ಕಮ್ಮನ ಕೈ ನಿಂತಿತು. "ಪ್ರಪಂಚಕ್ಕೆ ಬೇಡ ಮೇಡಂ. ನಾನೇ ಹಾಕಿದ್ದು."

"ಏನನ್ನ?"

"ಹೇನನ್ನ. ಪಾಪ, ಹಸಿದಿತ್ತು."

ಮೇಡಂ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತುಬಿಟ್ಟರು. ಬೈಯಲು ಬಾಯಿ ತೆರೆದರು, ಮಾತು ಹೊರಡಲಿಲ್ಲ. ಥೇಟ್ ದಪ್ಪಮೀನೇ, ಎಂದು ಚಿಕ್ಕಮ್ಮ ಆಮೇಲೆ ನಮಗೆ ಹೇಳಿದಳು.

"ಸಮುದ್ರಕ್ಕೆ ಯಾರು ಬಂದು ಲೋಟದಲ್ಲಿ ಸುರೀತಾರೆ?" ಎಂದರು ಕೊನೆಗೆ, ಮೆಲ್ಲಗೆ.

ಬೈಗುಳವಾಗಿದ್ದರೆ ಚಿಕ್ಕಮ್ಮ ತಡೆದುಕೊಳ್ಳುತ್ತಿದ್ದಳು. ಇದಕ್ಕೆ ಕಣ್ಣು ಒರೆಸಿಕೊಂಡಳು.

ಪ್ರಯೋಗ ಮೊದಲಿನಿಂದ ಶುರುವಾಯಿತು. ಹಳೆಯ ಪಟ್ಟೆಮೀನಿಗೆ ನಿವೃತ್ತಿ. ಬೆಚ್ಚಗಿನ ತೊಟ್ಟಿಗೆ ಹೊಸದೊಂದು ಬಂತು, ಮುಚ್ಚಳಕ್ಕೊಂದು ಬೀಗವೂ ಬಂತು. ಗಾಜು ಒರೆಸುವ ಕೆಲಸ ಮಾತ್ರ ಚಿಕ್ಕಮ್ಮನಿಗೇ ಉಳಿಯಿತು. ಹೊಸ ಮೀನಿನ ಮುಖ ನೋಡಿದರೆ ಕೆಟ್ಟೆ ಎಂದು ಅವಳು ಗೋಡೆ ಕಡೆ ತಿರುಗಿಕೊಂಡೇ ಒರೆಸುತ್ತಾಳೆ. ಅರ್ಧ ಗಾಜು ಪಾಚಿಗಟ್ಟಿದೆ. ಈಚೆಗೆ ಮೇಡಂ ಕೂಡ ತಮ್ಮ ಕುರ್ಚಿಯನ್ನು ಮೀನು ಕಾಣದ ಆ ಪಾಚಿಯ ಬದಿಗೇ ಎಳೆದುಕೊಂಡಿದ್ದಾರೆ.