ಎರಡು ಬಟ್ಟಲಿನ ದೃಶ್ಯ

ಮೊನ್ನೆ ಅಡುಗೆಮನೆಯ ಕಪಾಟು ಒರೆಸುವಾಗ ಹಿಂದೆಲ್ಲೋ ಸೇರಿಕೊಂಡಿದ್ದ ಬಿಳಿ ಪಿಂಗಾಣಿ ಬಟ್ಟಲು ಕೈಗೆ ಸಿಕ್ಕಿತು. ಜೋಡಿಯಲ್ಲಿ ಒಂದು. ಒರೆಸುವ ಬಟ್ಟೆ ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟೆ...

ಕೊರೋನಾ ಕಾಲದಲ್ಲಿ ಮಲೇಷ್ಯಾದ ಸೈಬರ್‌ಜಯಾದಲ್ಲಿ, ನಮ್ಮ ಪಕ್ಕದ ಮನೆಯಲ್ಲಿ ಮಣಿಪಾಲದ ಮೇಡಂ ಒಬ್ಬರೇ ಇದ್ದರು. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು. ಗಡಿ ಮುಚ್ಚಿದ್ದಾಗಲೇ ಊರಿನಲ್ಲಿ ಅವರ ಯಜಮಾನರು ತೀರಿಕೊಂಡರು. ಮೇಡಂ ಕಣ್ಣಿಗೆ ಪೊರೆ ಬಂದಿತ್ತು, ಲಾಕ್‌ಡೌನಿನಿಂದ ಆಪರೇಷನ್ ಮುಂದಕ್ಕೆ ಹೋಗಿತ್ತು. ಫೋನಿನಲ್ಲಿ ತೋರಿಸಿದ ಅಂತ್ಯಸಂಸ್ಕಾರವೂ ಮಸುಕು ಮಸುಕು. ಅಳು ಬರಲೇ ಇಲ್ಲವಂತೆ.

"ಒಮ್ಮೆ ಸರಿಯಾಗಿ ಅತ್ತುಬಿಟ್ಟರೆ ಸಾಕು ಮಾರಾಯ್ತಿ," ಎಂದು ಕೊರಿಯನ್ ಸಿನಿಮಾ ಹಿಡಿದರು. "ಅವರು ಅಳುವವರನ್ನು ತೋರಿಸುವುದಿಲ್ಲ, ಊಟಕ್ಕೆ ಕೂತವರನ್ನು ತೋರಿಸ್ತಾರೆ. ಅದಕ್ಕೇ ನಮಗೆ ಅಳು ಬರುವುದು."

ಸಬ್‌ಟೈಟಲ್ ಅವರಿಗೆ ಕಾಣದು. ಹಾಗಾಗಿ ಶನಿವಾರ ಮಧ್ಯಾಹ್ನ ಇಬ್ಬರೂ ನಮ್ಮ ನಮ್ಮ ಮನೆಯಲ್ಲಿ ಒಂದೇ ಸಿನಿಮಾ ಹಾಕುವುದು, ನಾನು ಫೋನಿನಲ್ಲಿ ಕನ್ನಡ ಮಾಡಿ ಹೇಳುವುದು. ಮಾತಿಲ್ಲದ ದೃಶ್ಯ ಬಂದರೆ ನನಗೆ ಆರಾಮ. ಅವರಿಗೆ ನನ್ನ ಕಣ್ಣು ಹೆಚ್ಚು ಬೇಕಾಗುತ್ತಿದ್ದದ್ದು ಆಗಲೇ.

ಒಂದು ಶನಿವಾರ ಮೀನುಗಾರನ ಹೆಂಡತಿಯ ಕಥೆ. ಕಡಲಿಗೆ ಹೋದ ಗಂಡ ಮರಳಿಲ್ಲ. ಕೊನೆಗೆ ಅವಳು ಎರಡು ಬಟ್ಟಲಿಗೆ ಅನ್ನ ಬಡಿಸಿ, ಒಂದನ್ನು ಎದುರಿಗಿಟ್ಟು, ಒಬ್ಬಳೇ ಉಣ್ಣುತ್ತಾಳೆ. ಒಂದೂ ಮಾತಿಲ್ಲ, ಮುಗಿಯುವುದೂ ಇಲ್ಲ. ನನಗೋ ಶನಿವಾರವೂ ಬಿಡದ ಆಫೀಸ್ ಕಾಲ್‌ಗೆ ಎರಡೇ ನಿಮಿಷ.

"ಎರಡು ಬಟ್ಟಲು ಕಂಡ ಹಾಗೆ ಉಂಟು. ಬಂದನಾ ಅವನು?"

"ಬಂದ ಮೇಡಂ. ಇಬ್ಬರೂ ಊಟ ಮಾಡ್ತಿದ್ದಾರೆ."

"ಹೋ... ಒಳ್ಳೇದಾಯ್ತು."

ಫೋನ್ ಇಟ್ಟೆ. ಅಳಬೇಕೆಂದು ಕೂತವರ ಅಳುವನ್ನು ಎರಡು ನಿಮಿಷದ ಅವಸರಕ್ಕೆ ಕಸಿದುಕೊಂಡವಳು ನಾನು.

ಆಪರೇಷನ್ ಆಗಿ ಕಣ್ಣು ತಿಳಿಯಾದ ಮೇಲೆ, ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ಆ ಸಿನಿಮಾದ ಕಡಲಿನ ಸದ್ದು ಕೇಳಿಸಿತು. ಆಮೇಲೆ ಅಳು. ತುಂಬಾ ಹೊತ್ತು ಅತ್ತರು. ನಾನು ನಮ್ಮ ಬಾಗಿಲವರೆಗೆ ಹೋಗಿ, ಚಿಲಕದ ಮೇಲೆ ಕೈಯಿಟ್ಟು ನಿಂತೆ. ಯಾವ ಮುಖ ಹೊತ್ತುಕೊಂಡು ಹೋಗಲಿ? ಕಳ್ಳನ ಮನಸ್ಸು ಹುಳ್ಳುಹುಳ್ಳಗೆ. ವಾಪಸ್ ಬಂದು ಲ್ಯಾಪ್‌ಟಾಪ್ ತೆರೆದೆ.

ವಿಮಾನ ಶುರುವಾದಾಗ ಮೇಡಂ ಊರಿಗೆ ಹೊರಟರು. ಈ ಬಟ್ಟಲನ್ನು ಕೈಗಿಟ್ಟು, "ನನಗೊಬ್ಬಳಿಗೆ ಜೋಡಿ ಯಾಕೆ? ಒಂದು ನಿನ್ನಲ್ಲಿರಲಿ," ಎಂದರು. ಲಿಫ್ಟಿನ ಹತ್ತಿರ ನಿಂತು, "ಆ ಸಿನಿಮಾ ಮತ್ತೆ ನೋಡಿದೆ. ಚಂದ ಉಂಟು," ಎಂದರು. ಅಷ್ಟೇ. ನಾನು ತಲೆ ತಗ್ಗಿಸಿ "ಹ್ಞೂಂ" ಎಂದೆ.

ಕಳೆದ ವರ್ಷ ಅವರು ತೀರಿಹೋದ ಸುದ್ದಿ ಬಂತು. ಒಂದು ಫೋನ್ ಮಾಡಲು ಇಷ್ಟು ವರ್ಷ ಸಾಲಲಿಲ್ಲ ನನಗೆ...

ಬಟ್ಟಲು ತೊಳೆದೆ. ಮೇಜಿನ ಆಚೆ ಬದಿಗಿಟ್ಟು, ಯಾರೂ ಇಲ್ಲದ ಮನೆಯಲ್ಲಿ ಗಟ್ಟಿಯಾಗಿ ಹೇಳಿದೆ.

"ಅವನು ಬರಲಿಲ್ಲ, ಮೇಡಂ."