ಅಂಬಿಳಿ ತುಡಿ ಬಾರಿಸಿದ ನಾಟಿ

ವಯನಾಡಿನ ನಮ್ಮ ಪಣಿಯರ ಹಾಡಿಯಲ್ಲಿ ಅಂಬಿಳಿ ಅಂತ ಒಬ್ಬಳಿದ್ದಾಳೆ. ಹತ್ತೊಂಬತ್ತು ವರ್ಷ. ನಕ್ಕರೆ ಆಚೆ ದಿಣ್ಣೆಯ ನಾಯಿಗಳೂ ಎದ್ದು ಕೂರಬೇಕು, ಅಂಥ ನಗು. ಅವಳಿಗೆ ಸಿಕಲ್ ಸೆಲ್ ಕಾಯಿಲೆ. ರಕ್ತದ ಕಣಗಳು ಕುಡುಗೋಲಿನ ಹಾಗೆ ಬಾಗಿ ರಕ್ತನಾಳದೊಳಗೆ ಸಿಕ್ಕಿಕೊಂಡವೆಂದರೆ ಮೂಳೆಗೆ ನೋವು ಹೊಕ್ಕು ಕೂರುತ್ತದೆ. ದಿನವೂ ಮಾತ್ರೆ ನುಂಗಬೇಕು, ಚಳಿಗೆ ಮೈಯೊಡ್ಡಬಾರದು, ಬಾಯಾರುವ ಮೊದಲೇ ನೀರು ಕುಡಿಯಬೇಕು. ಇದೆಲ್ಲ ಅವಳಿಗೆ ತಲೆ ಬಾಚಿಕೊಂಡಷ್ಟೇ ರೂಢಿ.

ರೂಢಿಯಾಗದೆ ಉಳಿದದ್ದು ಒಂದೇ: ಕಂಬಳನಾಟಿಯ ದಿನ ಮನೆಯಲ್ಲಿ ಕೂರುವುದು. ನಮ್ಮ ಚರ್ಮವಾದ್ಯ ತುಡಿಯ ಬಡಿತಕ್ಕೆ ಹೆಜ್ಜೆ ಹಿಂದಿಡುತ್ತ, ಹಾಡಿಯ ಹೆಂಗಸರೆಲ್ಲ ಪೈರು ನೆಡುವ ದಿನ ಅದು. ಹೋದ ವರ್ಷ ಅಂಬಿಳಿ ಕದ್ದು ಗದ್ದೆಗಿಳಿದಿದ್ದಳು. ಎರಡು ಸಾಲು ನೆಡುವಷ್ಟರಲ್ಲಿ ಕೆಸರಿನ ಥಂಡಿ ಮಂಡಿಗೆ ಹತ್ತಿ, ಎಂಟು ದಿನ ಆಸ್ಪತ್ರೆ. ಇನ್ನು ಇವಳು ಗದ್ದೆಗಿಳಿದರೆ ತಾನು ಇಳಿಯುವುದಿಲ್ಲ ಎಂದು ಅಜ್ಜಿ ವೆಳ್ಳಚ್ಚಿ ಹಟ ಹಿಡಿದಳು.

ಈ ವರ್ಷ ಹುಡುಗಿ ಬೇರೆ ದಾರಿ ಹುಡುಕಿದಳು. ಮಳೆಗಾಲದಲ್ಲಿ ತುಡಿಯ ಚರ್ಮ ಸಡಿಲಾಗುತ್ತದೆ. ಬದುವಿನ ಮೇಲೆ ಚಪ್ಪರ ಹಾಕಿ, ಬೆಂಕಿ ಉರಿಸಿ, ಆಗಾಗ ಅದನ್ನು ಕಾಯಿಸಿ ಕೊಡಲು ಒಬ್ಬರು ಬೇಕು. ಆ ಕೆಲಸ ತನಗೆ ಕೊಡಿ ಎಂದು ತುಡಿ ಬಾರಿಸುವ ಹಾಡಿಯ ಹಿರಿಯ ಕುಳ್ಳಿಯನ್ ಮೂಪ್ಪನನ್ನು ಕೇಳಿಕೊಂಡಳು. ತುಡಿಯೂ ಬೆಚ್ಚಗೆ, ಅವಳೂ ಬೆಚ್ಚಗೆ. ಕಾಯಿಸಿದಾಗಲೆಲ್ಲ ಬಿಗಿ ಬಂತೇ ಎಂದು ತಟ್ಟಿ ತಟ್ಟಿ ಬಡಿತವೆಲ್ಲ ಬೆರಳಿಗೆ ಹತ್ತಿತು.

ಜಮೀನುದಾರ ಚೆಟ್ಟಿಯವರ ದೊಡ್ಡ ಗದ್ದೆಯ ನಾಟಿಯ ದಿನ ಎರಡನೇ ತುಡಿಯವನು ಶುಂಠಿ ಕೆಲಸಕ್ಕೆಂದು ಕೊಡಗಿಗೆ ಹೋಗಿಬಿಟ್ಟಿದ್ದ. ಒಂದೇ ತುಡಿ ಅಷ್ಟು ದೂರಕ್ಕೆ ಕೇಳದು. ಮೂಪ್ಪ ಅಂಬಿಳಿಯತ್ತ ನೋಡಿದ. ನಮ್ಮಲ್ಲಿ ಹೆಂಗಸರು ತುಡಿಗೆ ಕುಣಿಯುತ್ತಾರೆಯೇ ಹೊರತು ಬಾರಿಸುವುದಿಲ್ಲ. ಆದರೆ ಅಜ್ಜಿಯ ಚಿಂತೆಯೇ ಬೇರೆ.

"ನೋವು ಅಂತ ಒಂದ್ಸಲ ಮುಖ ಹಿಂಡಿದ್ಯೋ, ಬರೋ ವರ್ಷ ಚಪ್ಪರಕ್ಕೂ ಕಳ್ಸಲ್ಲ ನೋಡು" ಎಂದಳು.

ಅಂಬಿಳಿ ತುಡಿ ಕೈಗೆತ್ತಿಕೊಂಡಳು. ಎರಡು ಸಾಲು ಸೊಗಸಾಗಿ ಹೋಯಿತು. ಮೂರನೆಯದರಲ್ಲಿ ಅಂಬಿಳಿಯ ಬಾಯಿ ಒಣಗಿತು. ನೀರಿನ ಬಾಟಲಿ ಪಕ್ಕದಲ್ಲೇ ಇತ್ತು, ಕೈಗಳು ಮಾತ್ರ ತುಡಿಯ ಮೇಲೆ. ನಿಲ್ಲಿಸಿದರೆ ಹುಡುಗಿಗೆ ಆಗಲಿಲ್ಲ ಅನ್ನುತ್ತಾರೆ. ನಿಲ್ಲಿಸದಿದ್ದರೆ ಕಾಯಿಲೆ ಸುಮ್ಮನಿರುವುದಿಲ್ಲ. ಮೊಣಕೈ ಸಣ್ಣಗೆ ಚುಚ್ಚತೊಡಗಿತು. ತಟ್ಟನೆ ತುಡಿ ಕೆಳಗಿಟ್ಟು ಗಟಗಟ ಕುಡಿದಳು. ಏನಾಯಿತೋ ಎಂದು ಗಾಬರಿಯಲ್ಲಿ ಮೂಪ್ಪನ ಕೈಯೂ ನಿಂತಿತು.

ನಾಟಿಯ ನಡುವೆ ಎರಡೂ ತುಡಿ ನಿಂತವೆಂದರೆ ನಮ್ಮವರಿಗೆ ಒಂದೇ ಅರ್ಥ: ಗಂಜಿ ಹೊತ್ತು. ಅರವತ್ತು ಹೆಂಗಸರು ಪೈರಿನ ಕಟ್ಟು ಅಲ್ಲೇ ಬಿಟ್ಟು, ಬದು ಹತ್ತಿ, ಕೈತೊಳೆದು ಹಂಡೆಯ ಮುಂದೆ ಸಾಲಾಗಿ ಕೂತೇಬಿಟ್ಟರು. ಹಂಡೆಯಲ್ಲಿ ಇನ್ನೂ ಅಕ್ಕಿಯನ್ನೇ ಹಾಕಿರಲಿಲ್ಲ.

ಚೆಟ್ಟಿಯವರು ಕೊಡೆ ಹಿಡಿದು ಓಡಿಬಂದರು.

"ಏನ್ ಮೂಪ್ಪ, ಗಂಟೆ ಒಂಬತ್ತೂವರೆ. ತಿಂಡಿ ತಿಂದ ಕೈ ಆರಿಲ್ಲ ಇನ್ನೂ."

ಬಾಯಲ್ಲಿ ನೀರಿದ್ದ ಅಂಬಿಳಿಗೆ ನಗು ಉಕ್ಕಿ ನೀರೆಲ್ಲ ಮೂಪ್ಪನ ಮೇಲೆ ಸಿಡಿಯಿತು. ಒರೆಸಿಕೊಂಡು ಎದ್ದು ನಿಂತಳು.

"ನಿಲ್ಸಿದ್ದು ನಾನು ಚೆಟ್ಟ್ಯಾರೇ, ನೀರು ಕುಡಿಯೋಕೆ. ಇನ್ನೂ ನಿಲ್ಲಿಸ್ತೀನಿ, ಅರ್ಧ ಗಂಟೆಗೊಂದ್ಸಲ. ಆಗಲ್ಲಾಂದ್ರೆ ಬೇರೆಯವ್ರ ಕೈಗೆ ತುಡಿ ಕೊಡಿ."

ಎಲ್ಲರೂ ವೆಳ್ಳಚ್ಚಿಯತ್ತ ತಿರುಗಿದರು. ಮುದುಕಿ ಸೊಂಟದ ಮೇಲೆ ಕೈಯಿಟ್ಟು, ಮೊಮ್ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಲವತ್ತು ವರ್ಷ ಈ ಗಂಡಸ್ರ ತುಡಿಗೆ ಬಗ್ಗಿದೀನಿ. ಹೆಂಗಸ್ರಿಗೂ ಗಂಟಲು ಒಣಗುತ್ತೆ ಅಂತ ಒಬ್ಬನಿಗೂ ಹೊಳೀಲಿಲ್ಲ. ಬಾರ್ಸೇ ಮಗಳೇ, ನಿನಗೆ ಬೇಕಾದಾಗ ನಿಲ್ಸು."

ಅಲ್ಲೇ ಮೂಪ್ಪ ಹೊಸ ಕಟ್ಟಳೆ ಮಾಡಿದ. ಮೂರು ನಿಧಾನದ ಬಡಿತ ಬಿದ್ದರೆ ಅದು ನೀರಿಗೆ, ಗಂಜಿಗಲ್ಲ. ಇನ್ನು ಕೆಲಸ ಸಾಗಿದ ಹಾಗೆಯೇ ಎಂದು ಚೆಟ್ಟಿಯವರು ಗೊಣಗಿದರು. ಆದರೆ ನಿಂತು ಸುಧಾರಿಸಿಕೊಂಡ ಸೊಂಟಗಳು ಚುರುಕಾಗಿ ಬಗ್ಗಿದವು. ಮಧ್ಯಾಹ್ನದ ಹೊತ್ತಿಗೆ ಮುಕ್ಕಾಲು ಗದ್ದೆ ಹಸಿರಾಗಿತ್ತು. ಅಂಬಿಳಿಯ ಮೊಣಕೈ ನೋವೂ ಇಳಿದಿತ್ತು. ಲಹರಿ ಹತ್ತಿ, ಹುಡುಗಿ ಒಂದೇ ಸಮನೆ ಬಾರಿಸುತ್ತಿದ್ದಳು.

ಆಗ ಗದ್ದೆಯ ಆ ತುದಿಯಿಂದ ವೆಳ್ಳಚ್ಚಿಯ ಕೂಗು ಕೇಳಿಸಿತು:

"ಏ ಅಂಬಿಳೀ, ಇನ್ನೂ ಬಾಯಾರಿಲ್ವೇನೇ ನಿಂಗೆ? ಇಲ್ಲಿ ನಮ್ಮ ಸೊಂಟ ಬಿದ್ದೋಗ್ತಿದೆ."