ಆಷಾಢಕ್ಕೆ ಮುಂಚೆ ಸಿಗುವ ಸಾಲ

"ಆ ಸಾಲದ ಕಂಪನಿ ಹೀಗೆ ಕೈಕೊಡುತ್ತೆ ಅಂತ ಯಾರಿಗೆ ಗೊತ್ತಿತ್ತು?" ಇಲ್ಲಿ ಡಬ್ಲಿನ್‌ನಲ್ಲಿ ನಮ್ಮ ಕನ್ನಡದವರು ನಾಲ್ಕು ಜನ ಸೇರಿದರೆ ಈಗ ಇದೇ ಮಾತು. ನಾನು ಒಪ್ಪುವುದಿಲ್ಲ. ಸುಳಿವುಗಳು ಬೇಕಾದಷ್ಟಿದ್ದವು. ನಾವು ಅವನ್ನೇ ಅನುಕೂಲ ಅಂದುಕೊಂಡೆವು, ಅಷ್ಟೆ.

ಇಲ್ಲಿಂದ ರೈಲಿನಲ್ಲಿ ಹೋಗಬೇಕಾದ ಅತ್ಲೋನ್ ಎಂಬ ಊರಿನಲ್ಲಿರುವ ಅಕ್ಕ, ಭಾವ ಒಂದು ಮನೆ ಮೆಚ್ಚಿಕೊಂಡಿದ್ದರು. ಅಕ್ಕನದು ಹೊಸ ಕೆಲಸ, ಪ್ರೊಬೇಷನ್ ಮುಗಿಸಿಕೊಂಡು ಬನ್ನಿ ಎಂದಿತು ಬ್ಯಾಂಕು. ಅಷ್ಟರಲ್ಲಿ ಆಷಾಢ ಬಂದುಬಿಡುತ್ತದೆ, ಆಷಾಢದಲ್ಲಿ ಗೃಹಪ್ರವೇಶವಿಲ್ಲ, ಮನೆ ಮಾರುವವರು ಅಲ್ಲಿಯವರೆಗೆ ಕಾಯುವುದಿಲ್ಲ ಎಂಬುದು ಭಾವನ ಸಂಕಟ. ಆಗ ಸಿಕ್ಕವರು ಒಬ್ಬ ಬ್ರೋಕರ್. ನಮ್ಮ ಮೈಸೂರು ಕಡೆಯವರೇ. ಬ್ಯಾಂಕಲ್ಲದ ಒಂದು ಕಂಪನಿಯಿಂದ ಕೂಡಲೇ ಸಾಲ ಕೊಡಿಸುತ್ತೇನೆ ಅಂದರು. ಕೆಲಸ ಕಾಯಂ ಆಗಿರಬೇಕೆಂದಿಲ್ಲ. ಮೊದಲ ವರ್ಷ ಬಡ್ಡಿ ಕಡಿಮೆ, ಆಮೇಲಿನದು ಕಂಪನಿಯ ಮರ್ಜಿ.

ಮುಂದಿನ ವಾರ ಸಹಿ ಹಾಕುವುದೆಂದು ಭಾವ ತೀರ್ಮಾನಿಸಿದ್ದ ಹೊತ್ತಿಗೆ ನಾನು ಡಬ್ಲಿನ್‌ನಿಂದ ರೈಲು ಹತ್ತಿ ಹೋದೆ.

"ಬ್ಯಾಂಕು ಬೇಡ ಅಂದವರನ್ನೇ ಹುಡುಕಿ ಸಾಲ ಕೊಡ್ತಾರೆ ಅಂದ್ರೆ, ಆ ಅಪಾಯದ ಬೆಲೆ ಯಾರ ಹತ್ರ ವಸೂಲಿ ಮಾಡ್ತಾರೆ ಭಾವ?"

"ಆಷಾಢ ಬಂದ್ರೆ ಈ ಮನೆ ಹೋಯ್ತು."

"ಆಷಾಢದಲ್ಲಿ ಮನೆ ಹೊಗಬಾರದು, ಸರಿ. ಆಷಾಢಕ್ಕೆ ಹೆದರಿ ಸಾಲ ಮಾಡಬೇಕು ಅಂತ ಯಾವ ಶಾಸ್ತ್ರದಲ್ಲಿದೆ?"

"ಕಾಲೇಜಲ್ಲಿ ಚರ್ಚಾಸ್ಪರ್ಧೆ ಗೆದ್ದಿದ್ದೀಯ, ಗೊತ್ತು. ಮನೆ ಗೆದ್ದಿದ್ದೀಯಾ?"

ನಾವು ಕುಳಿತಿದ್ದ ಅಡುಗೆಮನೆಯೇ ಬಾಡಿಗೆಯದು, ನನ್ನದೂ ಬಾಡಿಗೆ ಕೋಣೆ. ಅಕ್ಕ ಬ್ರೋಕರ್‌ಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದಳು.

"ಎರಡನೇ ವರ್ಷದಿಂದ ಬಡ್ಡಿ ಎಷ್ಟಾಗುತ್ತೆ ಸರ್?"

"ಅದೆಲ್ಲ ಗ್ರ್ಯಾಂಡ್ ಮೇಡಂ, ತಲೆ ಕೆಡಿಸ್ಕೋಬೇಡಿ." 'ಏನೂ ತೊಂದರೆಯಿಲ್ಲ' ಅನ್ನುವುದಕ್ಕೆ ಇಲ್ಲಿನವರು ಹೇಳುವ 'ಗ್ರ್ಯಾಂಡ್' ಅವರ ಬಾಯಿಗೂ ಹತ್ತಿತ್ತು.

"ಪ್ರೊಬೇಷನ್ನಲ್ಲೇ ನನ್ನ ಕೆಲಸ ಹೋದ್ರೆ?"

"ಯಾಕೆ ಹೋಗುತ್ತೆ? ಗ್ರ್ಯಾಂಡಾಗಿರ್ತೀರಿ. ಮುಹೂರ್ತ ಯಾವತ್ತಿಗೆ, ಅದು ಹೇಳಿ."

ಅಕ್ಕ ಫೋನಿಟ್ಟಳು. "ಎರಡು ಪ್ರಶ್ನೆ ಕೇಳಿದೆ. ಒಂದಕ್ಕಾದ್ರೂ ಉತ್ತರ ಬಂತೇನ್ರೀ?" ಎಂದಳು ಭಾವನಿಗೆ. ಭಾವ ಸಿಂಕಿನಲ್ಲಿದ್ದ ಲೋಟಗಳನ್ನೆಲ್ಲ ತೊಳೆದು ಮುಗಿಸಿದ. "ಬಿಡು, ಬ್ಯಾಂಕಿಗೇ ಕಾಯೋಣ" ಅಂದ.

ಆ ಮನೆ ಬೇರೆಯವರ ಪಾಲಾಯಿತು. ಅಕ್ಕ ಕೆಲವು ದಿನ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಆಷಾಢದ ಹೊತ್ತಿಗೆ ಬರುವ ಇಲ್ಲಿನ ಬೇಸಿಗೆ ಕಳೆಯುವಷ್ಟರಲ್ಲಿ ಆ ಕಂಪನಿ ಹೊಸ ಸಾಲ ಕೊಡುವುದನ್ನು ನಿಲ್ಲಿಸಿತು, ಹಳೆಯ ಸಾಲಗಾರರ ಬಡ್ಡಿ ಏರಿಸಿತು, ಮತ್ತೆ ಏರಿಸಿತು. ಸುದ್ದಿ ತಿಳಿದ ದಿನ ಭಾವ ನನಗೆ ಫೋನ್ ಮಾಡಿದ. ಊಟ ಆಯ್ತಾ ಅಂತ ಕೇಳಿದ, ಉಸ್ಸಪ್ಪಾ ಅಂತ ಉಸಿರು ಬಿಟ್ಟ, ಇಟ್ಟುಬಿಟ್ಟ. ಆ ರಾತ್ರಿ ನನಗೂ ಒಳ್ಳೆ ನಿದ್ದೆ ಬಂತು.

ಪ್ರೊಬೇಷನ್ ಮುಗಿದ ಮೇಲೆ, ಬ್ಯಾಂಕಿನ ಸಾಲದಲ್ಲೇ, ಸ್ವಲ್ಪ ಚಿಕ್ಕದಾದ ಇನ್ನೊಂದು ಮನೆ ಸಿಕ್ಕಿತು. ಕಾರ್ತಿಕದಲ್ಲಿ ಗೃಹಪ್ರವೇಶ. ಸ್ಮೋಕ್ ಅಲಾರಂಗೆ ಹೆದರಿ ಹೋಮ ಮಾಡಲಿಲ್ಲ. ಕರೆಂಟಿನ ಒಲೆಯ ಮೇಲೆ ಹಾಲು ಉಕ್ಕುವುದನ್ನೇ ನೋಡುತ್ತ ಅಕ್ಕ ನಗುತ್ತಿದ್ದಳು.

ಬ್ರೋಕರ್ ಕೂಡ ಬಂದಿದ್ದರು. ನಮ್ಮವರಲ್ಲವೇ, ಕರೆಯದೆ ಇರಲಾಗದು. "ನಿಮ್ಮ ಅಕ್ಕನ ಅದೃಷ್ಟ ಚೆನ್ನಾಗಿದೆ ಬಿಡಿ," ಎಂದರು ನನಗೆ. ಅವರ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿ ಕೇಳಿದೆ:

"ಸರ್, ನಿಮ್ಮ ಸ್ವಂತ ಮನೆಗೆ ನೀವು ಯಾರ ಹತ್ರ ಸಾಲ ತಗೊಂಡ್ರಿ?"